ಕೇರೆಗೆ ಹಾಲು ಬೇಡ, ಬೆಕ್ಕಿಗೆ ಬಂಗಡೆಯೇ ಬೇಕು

ಹಾವು ಸಾಕಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಿಡುವುದಿಲ್ಲ. ಆದರೆ ನಮ್ಮ ಕುಮಟಾದ ಬಾಡದ ಕಡೆ ಕೇರೆಯನ್ನು ಯಾರೂ ಸಾಕಬೇಕಿಲ್ಲ. ತೆಂಗಿನ ಮಡಲಿನ ರಾಶಿಯಲ್ಲಿ ತಾನೇ ಬಂದು ಬಿಡಾರ ಹೂಡುತ್ತದೆ. ಬಾಡಿಗೆ ಇಲಿಯ ಲೆಕ್ಕದಲ್ಲಿ ಸಂದಾಯ! ವಿಷವಿಲ್ಲ. ಇಲಿಯನ್ನು ಮೈಭಾರದಿಂದ ಅದುಮಿ ಹಿಡಿದು, ಸಾಮಾನ್ಯವಾಗಿ ತಲೆಯ ಕಡೆಯಿಂದಲೇ ನುಂಗುತ್ತದೆ, ಕಾಲು ಗಂಟಲಿಗೆ ಅಡ್ಡ ಬರಬಾರದಲ್ಲ. ಒಮ್ಮೆ ಹೊಟ್ಟೆ ತುಂಬಿದರೆ ದಿನಗಟ್ಟಲೆ ಸುದ್ದಿಯಿಲ್ಲ.

ನಮ್ಮ ಬೆಕ್ಕಿಗೋ ಹೊತ್ತುಹೊತ್ತಿಗೆ ಆಗಬೇಕು. ತಾರ್ಲೆಯನ್ನು ಮೂಸಿ, ಬಂಗಡೆ ಎಲ್ಲಿ ಅಂತ ಮುಖ ನೋಡುತ್ತದೆ. ನಾಯಿ ಮೀನು ಬಿಟ್ಟು ಕಾಯಿ ತುರಿಯುವ ಸದ್ದಿಗೆ ಓಡಿಬರುತ್ತದೆ.

ಪಂಚಮಿಯಲ್ಲಿ ನಾಗರಕಲ್ಲಿಗೆ ಹಾಲೆರೆಯಿರಿ, ತಕರಾರಿಲ್ಲ. ಜೀವಂತ ಹಾವಿಗೆ ಮಾತ್ರ ಹಾಲು ಆಹಾರವಲ್ಲ, ಅರಗುವುದೂ ಇಲ್ಲ. ಹಾವಾಡಿಗರ ಬುಟ್ಟಿಯ ಹಾವು ಕುಡಿಯುವುದು ನೀರಿಲ್ಲದೆ ಒಣಗಿದ ಬಾಯಾರಿಕೆಗೆ.

ಊಟದಲ್ಲಿ ಎಲ್ಲರಿಗಿಂತ ಹಟಮಾರಿ ಕಾಳಿಂಗ, ಹೆಚ್ಚಾಗಿ ಹಾವನ್ನೇ ತಿನ್ನುವುದು. ಪಶ್ಚಿಮಘಟ್ಟದ್ದು ಬೇರೆಯೇ ಪ್ರಭೇದವೆಂದು 2024ರಲ್ಲಿ ಗುರುತಿಸಿದವರು ಅದರ ವೈಜ್ಞಾನಿಕ ಹೆಸರಿನಲ್ಲೂ ನಮ್ಮ ‘ಕಾಳಿಂಗ’ವನ್ನೇ ಇಟ್ಟರು. ತೋಟದಲ್ಲಿ ಅದು ಕಂಡರೆ ಹೆದರಿ ಕೂಗುತ್ತೇವೆ. ಅದು ಬಂದಿರುವುದು ಬಹುಶಃ ನಮ್ಮ ಕೇರೆಯನ್ನು ಹುಡುಕಿಕೊಂಡು.