ಮುಟ್ಟುವ ಮೊದಲು ಹೇಳಬೇಕು, ಮಾಮೂ

ವಾಡಿ ಜಂಕ್ಷನ್ನಿನ ಜನರಿಗೆ ಊರು ಬಿಡುವುದು ಹೊಸದಲ್ಲ. 1874ರಲ್ಲಿ ಸಿಕಂದರಾಬಾದಿನಿಂದ ನಿಜಾಮರ ರೈಲು ಇಲ್ಲಿಗೆ ಬಂದು ಮುಟ್ಟಿದಾಗಿನಿಂದ ಈ ನಿಲ್ದಾಣ ಜನರನ್ನು ಕಳಿಸಿಕೊಡುತ್ತಲೇ ಇದೆ. ಶಹಾಬಾದಿನ ಫರ್ಸಿ ಕಲ್ಲು ಮುಂಬಯಿ, ಪುಣೆಯ ಮನೆಗಳಿಗೆ ಹೋಯಿತು. ಚಿಂಚೋಳಿಯ ತಾಂಡಾಗಳ ಜನ ಅದೇ ಊರುಗಳಿಗೆ ದುಡಿಯಲು ಹೋದರು. ಚಿತ್ತಾಪುರದ, ಸೇಡಂನ ನಮ್ಮ ಹುಡುಗರು ಸೌದಿ, ದುಬೈ ಹಿಡಿದರು. ಅಲ್ಲಿ ಅಜಾನ್ ಕೇಳಿಸುತ್ತದೆ, ಉರ್ದುವಿನಲ್ಲಿ ಹೇಗೋ ಕೆಲಸ ಸಾಗುತ್ತದೆ. ಆದರೆ 2023ರಲ್ಲಿ ಸೇಡಂನ ನನ್ನ ಅಕ್ಕನ ಮಗ ಜಪಾನಿಗೆ ಹೊರಟಾಗ, ಅವನಿಗೆ ಏನು ಬುದ್ಧಿ ಹೇಳಿ ಕಳಿಸಬೇಕೆಂಬುದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಹುಡುಗ ನರ್ಸಿಂಗ್ ಓದಿದವನು. ಬೆಂಗಳೂರಿನಲ್ಲಿ ಕೂತು ಜಪಾನಿ ಭಾಷೆ ಕಲಿತು ಪರೀಕ್ಷೆ ಪಾಸು ಮಾಡಿದ. ಜಪಾನಿನಲ್ಲಿ ಹತ್ತು ಜನರಿದ್ದರೆ ಸುಮಾರು ಮೂವರು 65 ದಾಟಿದವರು. ನೋಡಿಕೊಳ್ಳುವ ಕೈ ಸಾಲದು. 2021ರ ಜನವರಿಯಲ್ಲಿ ಎರಡು ದೇಶಗಳ ನಡುವೆ ಆದ ಒಪ್ಪಂದದಿಂದ ನಮ್ಮ ಮಕ್ಕಳಿಗೂ ಆ ಬಾಗಿಲು ತೆರೆಯಿತು. ಐದು ವರ್ಷದವರೆಗೆ ದುಡಿಯಬಹುದು. ಹೆಂಡತಿ ಮಕ್ಕಳನ್ನು ಕರೆದೊಯ್ಯುವಂತಿಲ್ಲ. ಅವನಿಗೆ ಸಿಕ್ಕಿದ್ದು ಕೋಬೆ ನಗರದ ಆಚೆ, ಸಣ್ಣ ಊರೊಂದರ ವೃದ್ಧಾಶ್ರಮದಲ್ಲಿ ಕೆಲಸ. ಆಪಾ ಮಾತ್ರ ಓಣಿಯ ತುಂಬ "ದೊಡ್ಡ ಆಸ್ಪತ್ರೆಯಲ್ಲಿದ್ದಾನೆ" ಎಂದೇ ಹೇಳಿಕೊಂಡು ಬಂದಳು. ನಾನೂ ತಿದ್ದಲಿಲ್ಲ.

ಮೊದಲ ಪೆಟ್ಟು ಬಿದ್ದಿದ್ದು ಕಸದಿಂದ. ಸುಡುವ ಕಸಕ್ಕೊಂದು ದಿನ, ಬಾಟಲಿಗೊಂದು ದಿನ; ಬಾಟಲಿಯ ಮುಚ್ಚಳ ಬೇರೆ, ಮೇಲಿನ ಕಾಗದ ಬೇರೆ, ಒಳಗೆ ತೊಳೆದಿರಬೇಕು. ಇವನು ಇಟ್ಟ ಚೀಲವನ್ನು ಗಾಡಿಯವರು ಒಂದು ಚೀಟಿ ಅಂಟಿಸಿ ಅಲ್ಲೇ ಬಿಟ್ಟು ಹೋದರು. ಸಂಜೆ ಪಕ್ಕದ ಮನೆಯ ಅಜ್ಜಿ ಬಾಗಿಲು ಬಡಿದಾಗ ಜಗಳಕ್ಕೇ ಬಂದಳೆಂದು ಇವನ ಎದೆ ಹಾರಿತಂತೆ. ಆಕೆ ತಂದಿದ್ದು ಚಿತ್ರಗಳಿದ್ದ ಒಂದು ಕ್ಯಾಲೆಂಡರು. ಯಾವ ದಿನ ಯಾವ ಕಸ ಎಂದು ಬಣ್ಣದ ಪೆನ್ನಿನಿಂದ ಗುರುತು ಮಾಡಿದ್ದಳು.

ಎರಡನೆಯದು ಊಟ. ಅಂಗಡಿಯ ಬ್ರೆಡ್ಡಿನಲ್ಲೂ ಹಂದಿಯ ಕೊಬ್ಬು ಇರಬಹುದು, ಸಾರಿನಲ್ಲಿ ಮದ್ಯ ಇರಬಹುದು. "ಹಂದಿ, ಮದ್ಯ, ಇವೆರಡು ಅಕ್ಷರ ನನಗೆ ಎಲ್ಲಕ್ಕಿಂತ ಮೊದಲು ಬಂದವು ಮಾಮೂ" ಎಂದು ನಕ್ಕ. ಕೋಬೆಯಲ್ಲಿ 1935ರ ಮಸೀದಿಯಿದೆ. ಜಪಾನಿನ ಮೊದಲ ಮಸೀದಿ. ಅದನ್ನು ಕಟ್ಟಲು ಹಣ ಕೊಟ್ಟವರಲ್ಲಿ ಹಿಂದುಸ್ತಾನದ ವ್ಯಾಪಾರಿಗಳೂ ಇದ್ದರು. ಯುದ್ಧದ ಬಾಂಬಿಗೂ 1995ರ ಭೂಕಂಪಕ್ಕೂ ಜಗ್ಗದೆ ನಿಂತಿದೆ. ಮೊದಲ ಈದ್‌ಗೆ ಅಲ್ಲಿಗೆ ಹೋಗಿ ಸುಮ್ಮನೆ ಅತ್ತು ಬಂದನಂತೆ.

ಕೆಲಸದ ನಡುವೆ ನಮಾಜಿಗೆ ಹತ್ತು ನಿಮಿಷ ಕೇಳಲು ಎರಡು ತಿಂಗಳು ಹೆದರಿದ. ಕೊನೆಗೆ ಕೇಳಿದಾಗ ಮೇಲ್ವಿಚಾರಕಿ ಬೇಡವೆನ್ನಲಿಲ್ಲ. ಎಷ್ಟು ಗಂಟೆಗೆ, ಎಷ್ಟು ನಿಮಿಷ ಎಂದು ಕೇಳಿ ಪಾಳಿಯ ಪಟ್ಟಿಯಲ್ಲಿ ಬರೆದುಕೊಂಡಳು. "ಮೊದಲೇ ಯಾಕೆ ಹೇಳಲಿಲ್ಲ?" ಎಂಬುದೊಂದೇ ಅವಳ ತಕರಾರು. ಅಲ್ಲಿನ ಕೆಲಸದ ಜಾಗಗಳಲ್ಲಿ 'ಹೋ-ರೆನ್-ಸೋ' ಎಂದು ಕಲಿಸುತ್ತಾರೆ: ವರದಿ ಮಾಡು, ತಿಳಿಸು, ಸಲಹೆ ಕೇಳು. ಅವರ ಮಾತಿನಲ್ಲಿ ಪಾಲಕ್ ಸೊಪ್ಪಿಗೂ ಅದೇ ಉಚ್ಚಾರವಂತೆ.

ಈ ಪಾಠ ನನ್ನ ಮನೆಗೇ ಬರುತ್ತದೆಂದು ನಾನು ಎಣಿಸಿರಲಿಲ್ಲ. ಹೋದ ಮಳೆಗಾಲದಲ್ಲಿ ಅಮ್ಮಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಆಪಾ ಒಂದು ತಿಂಗಳಿದ್ದು ಸೇಡಂಗೆ ಮರಳಿದಳು. ನನ್ನ ಹೆಂಡತಿ ಜ್ವರದಿಂದ ಮಲಗಿದ ವಾರ ಎತ್ತುವುದು, ಕೂರಿಸುವುದು, ಉಣಿಸುವುದು ನನ್ನ ಪಾಲಿಗೆ ಬಂತು. ಕೈ ಹಾಕಿದೊಡನೆ ಅಮ್ಮಿ ಚೀರುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು. ಒಮ್ಮೆ ಗದರಿಸಿಯೂ ಬಿಟ್ಟೆ. ಕತೆಗಳಲ್ಲಿ ತಾಯಂದಿರ ಬಗ್ಗೆ ಎಷ್ಟೋ ಬರೆದವನು ನಾನು.

ಆ ರಾತ್ರಿ ವಿಡಿಯೋ ಕರೆಯಲ್ಲಿ ಹುಡುಗ ಇದನ್ನು ನೋಡಿದ. ಇಲ್ಲಿ ಒಂಬತ್ತು ಗಂಟೆ, ಅಲ್ಲಿ ನಡುರಾತ್ರಿ ದಾಟಿ ಅರ್ಧ ಗಂಟೆ. "ಮಾಮೂ, ನಾನಿಗೆ ನೋವಿಗಿಂತ ಹೆದರಿಕೆ ಜಾಸ್ತಿ. ಮುಟ್ಟುವ ಮೊದಲು ಹೇಳಬೇಕು" ಎಂದ. ಅವನ ಆಶ್ರಮದಲ್ಲಿ ಮರೆವಿನ ಕಾಯಿಲೆಯ ಮುದುಕನೊಬ್ಬ ಎರಡು ವಾರ ಇವನ ಕೈಯಿಂದ ತುತ್ತು ತೆಗೆದುಕೊಂಡಿರಲಿಲ್ಲವಂತೆ. ಪರದೇಶಿಯ ಮುಖವೆಂದೇ ಇವನು ನೊಂದುಕೊಂಡಿದ್ದ. ಹಿರಿಯ ಸಿಬ್ಬಂದಿ ನೋಡಿ, ತಪ್ಪು ಮುಖದ್ದಲ್ಲ ಅಂದರು. ಎದುರಿಗೆ ಬಂದು, ಕಣ್ಣಿನ ಮಟ್ಟಕ್ಕೆ ಬಾಗಿ, ಈಗ ಕೈ ಹಿಡಿಯುತ್ತೇನೆ, ಈಗ ಎತ್ತುತ್ತೇನೆ ಎಂದು ಪ್ರತಿ ಸಲವೂ ಹೇಳಬೇಕು. ಅದಕ್ಕೆ ಅವರು 'ಕೊಎಕಾಕೆ' ಅನ್ನುತ್ತಾರೆ, ದನಿ ಕೊಡುವುದು. ಕಿವಿ ಕೇಳದವರಿಗೂ, ಮರೆತು ಹೋದವರಿಗೂ ದನಿ ಕೊಟ್ಟೇ ಮುಟ್ಟಬೇಕು.

ಮರುದಿನ ಹಾಗೇ ಮಾಡಿದೆ. "ಅಮ್ಮಿ, ಎಡಗೈ ಹಿಡೀತೀನಿ. ಈಗ ಎತ್ತತೀನಿ." ಅಮ್ಮಿ ನನ್ನನ್ನೇ ನೋಡಿ, "ನೀನು ಯಾವಾಗಿಂದ ಕೇಳಿ ಕೆಲಸ ಮಾಡೋದು ಕಲಿತಿ?" ಅಂದಳು. ನೋವಿಗೆ ಮುಖ ಕಿವಿಚಿದಳು, ಚೀರಲಿಲ್ಲ.

ಪರದೇಶಕ್ಕೆ ಹೊಂದಿಕೊಳ್ಳುವುದೆಂದರೆ ತನ್ನದನ್ನು ಬಿಟ್ಟುಕೊಡುವುದು ಎಂದೇ ನಾನು ತಿಳಿದಿದ್ದೆ. ಹುಡುಗ ತನ್ನ ರೋಜಾ ಬಿಟ್ಟಿಲ್ಲ, ಜೋಳದ ರೊಟ್ಟಿಯ ಹಂಬಲವನ್ನೂ ಬಿಟ್ಟಿಲ್ಲ. ಆದರೆ ನಮ್ಮ ಮನೆಯಲ್ಲಿ ಇಲ್ಲದ ಒಂದು ಅದಬ್ ಅಲ್ಲಿ ಕಲಿತ. ನಾವು ಪ್ರೀತಿಯಿದ್ದರೆ ಸಾಕು, ಕೇಳುವುದೇನು ಎನ್ನುವವರು.

ಮೊನ್ನೆ ಚಿತ್ತಾಪುರದ ಮದುವೆಯೊಂದರಲ್ಲಿ ಯಾರೋ ಆಪಾಳನ್ನು ಕೇಳಿದರು, ಮಗ ಜಪಾನಿನಲ್ಲಿ ಏನು ಮಾಡುತ್ತಾನೆಂದು. ನಾನು ಪಕ್ಕದಲ್ಲೇ ಇದ್ದೆ. ಆಪಾ ತುಸು ತಡೆದಳು. ಆಮೇಲೆ, "ಮುದುಕರ ಖಿದ್ಮತ್ ಮಾಡ್ತಾನೆ. ಉಣಿಸ್ತಾನೆ, ಮೈ ತೊಳೀತಾನೆ" ಅಂದಳು. ಕೇಳಿದವರು ಏನೂ ಅನ್ನಲಿಲ್ಲ. ಆಪಾ ಸೆರಗು ಸರಿ ಮಾಡಿಕೊಂಡು ಊಟಕ್ಕೆ ಎದ್ದಳು.