ಅಯೋನಾ: ಒಂದು ದ್ವೀಪ, ಒಂದು ಹೆಸರು

ಸ್ಕಾಟ್ಲೆಂಡಿನಲ್ಲಿ ಹೆಣ್ಣು ಮಗುವಿಗೆ ‘ಅಯೋನಾ’ ಎಂದು ಹೆಸರಿಡುವುದುಂಟು. ಅದರ ಮೂಲ ನೋಡಬೇಕಾದರೆ ನೀವು ಆ ದೇಶದ ಪಶ್ಚಿಮ ಕರಾವಳಿಗೆ ಹೋಗಬೇಕು. ಓಬನ್ ಪಟ್ಟಣದಿಂದ ಹಡಗಿನಲ್ಲಿ ಮಲ್ ದ್ವೀಪ. ಅದನ್ನು ದಾಟಿದರೆ ಮತ್ತೆ ಸುಮಾರು 10 ನಿಮಿಷಗಳ ಸಮುದ್ರಯಾನ. ಎದುರಾಗುವ ಪುಟ್ಟ ದ್ವೀಪವೇ ಅಯೋನಾ. ಉದ್ದ ಸುಮಾರು 5 ಕಿ.ಮೀ., ನಿವಾಸಿಗಳು 200ಕ್ಕೂ ಕಡಿಮೆ. ಪ್ರವಾಸಿಗರು ಸಾಮಾನ್ಯವಾಗಿ ಕಾರು ಬಿಟ್ಟೇ ಹೋಗಬೇಕು.

ಕ್ರಿ.ಶ. 563ರಲ್ಲಿ ಐರ್ಲೆಂಡಿನಿಂದ ಬಂದ ಕ್ರೈಸ್ತ ಸಂತ ಕೊಲಂಬಾ ಇಲ್ಲಿ ಮಠ ಕಟ್ಟಿದರು. ದ್ವೀಪದ ಹಳೆಯ ಹೆಸರು ‘ಈ’. ಯೂ ಎಂಬ ಮರದಿಂದ ಅದು ಬಂದಿರಬಹುದೆನ್ನುತ್ತಾರೆ. ಶತಮಾನದ ನಂತರ ಮಠಾಧಿಪತಿ ಅಡಮ್ನಾನ್ ಲ್ಯಾಟಿನ್‌ನಲ್ಲಿ ‘ಇಯೋವಾ’ ಎಂದು ಬರೆದರು. ಮುಂದೆ ನಕಲು ಮಾಡಿದವರು ‘ಯು’ ಅಕ್ಷರವನ್ನು ‘ಎನ್’ ಎಂದು ಓದಿದರು. ಹೀಗೆ ಹುಟ್ಟಿತು ಅಯೋನಾ!

ಇನ್ನೊಂದು ಸೋಜಿಗ ಕೇಳಿ. ಹೀಬ್ರೂ ಭಾಷೆಯಲ್ಲಿ ‘ಯೋನಾ’ ಎಂದರೆ ಪಾರಿವಾಳ. ನಾವು ಬಲ್ಲ ಪ್ರವಾದಿ ಯೂನುಸ್(ಅ)ರ ಹೀಬ್ರೂ ಹೆಸರೂ ಅದೇ. ಲ್ಯಾಟಿನ್‌ನ ‘ಕೊಲಂಬಾ’ಕ್ಕೂ ಅದೇ ಅರ್ಥವೆಂದು ಅಡಮ್ನಾನ್ ಆಗಲೇ ಬರೆದಿದ್ದರು.

ಒಂದಕ್ಷರ ತಪ್ಪಿ ಮರ ಹೋಗಿ ಪಾರಿವಾಳ ಬಂತು. ಅದೃಷ್ಟ ಒಳ್ಳೆಯದಿತ್ತು. ಎಲ್ಲ ತಪ್ಪುಗಳೂ ಹೀಗೆ ಸುಂದರವಾಗುವುದಿಲ್ಲ. ಅರ್ಥ ಕೇಳಿ, ಆರಿಸಿ ಮಗುವಿಗೆ ಹೆಸರಿಡುತ್ತೀರಿ. ಜನನ ಪತ್ರದಲ್ಲಿ ಅದರ ಅಕ್ಷರಗಳನ್ನೂ ಒಮ್ಮೆ ಓದಿ ನೋಡಿ.