ತಾಮ್ರ ಬೆರೆಸಿದ ನೀರು

ಅಂಬಲಿ ಕಾಯಿಸಿ ಗೊತ್ತಿದ್ದವರಿಗೆ ಸ್ವಾಭಾವಿಕ ಸಂವಹನವನ್ನು ಪಾಠ ಹೇಳಬೇಕಾಗಿಲ್ಲ. ಬರೀ ನೀರನ್ನು ಒಲೆಯ ಮೇಲಿಟ್ಟು ಆಚೆ ಹೋಗಬಹುದು. ಅದು ತನ್ನನ್ನು ತಾನೇ ತಿರುವಿಕೊಳ್ಳುತ್ತದೆ. ತಳದ ನೀರು ಕಾದು ಹಿಗ್ಗಿ ಹಗುರಾಗಿ ಮೇಲೇಳುತ್ತೆ, ಮೇಲಿನ ತಣ್ಣೀರು ಕೆಳಗಿಳಿಯುತ್ತೆ. ಹಿಟ್ಟು ಬಿದ್ದ ಮೇಲೆ ಮಾತ್ರ ಕೋಲು ಹಿಡಿದು ಅಲ್ಲೇ ನಿಲ್ಲಬೇಕು. ಇಲ್ಲದಿದ್ದರೆ ತಳ ಹಿಡಿಯಿತೆಂದೇ ಲೆಕ್ಕ.

ಸಂಘದ ಗೆಳೆಯರು "ಅದೇನಯ್ಯಾ ನಿನ್ನ ನ್ಯಾನೋ ಪುರಾಣ?" ಅಂತ ಕೇಳ್ತಾನೇ ಇರ್ತಾರೆ. ಪುರಾಣ ಹೀಗಿದೆ. ತಾಮ್ರ ನೀರಿಗಿಂತ 600 ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖ ಸಾಗಿಸುತ್ತದೆ. ಹಾಗಾದರೆ ತಾಮ್ರದ ಪುಡಿಯನ್ನೇ ನೀರಿಗೆ ಬೆರೆಸಿದರೇನು? ದಪ್ಪ ಪುಡಿ ತಳಕ್ಕಿಳಿದು ಕೂರುತ್ತೆ, ಕೊಳವೆ ಕಟ್ಟಿಕೊಳ್ಳುತ್ತೆ. ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲಿನ ಅಳತೆಯಲ್ಲಿ ಲೆಕ್ಕ ಹಾಕುವಷ್ಟು ಸಣ್ಣ ಕಣವಾದರೆ ತೇಲಾಡಿಕೊಂಡಿರಬಹುದು. ಅಂಥ ದ್ರವಕ್ಕೆ ಅಮೆರಿಕದ ಆರ್ಗಾನ್ ಪ್ರಯೋಗಾಲಯದ ಸ್ಟೀಫನ್ ಚೋಯ್ 1995ರಲ್ಲಿ ನ್ಯಾನೋಫ್ಲೂಯಿಡ್ ಎಂದು ಹೆಸರಿಟ್ಟರು.

ನನ್ನ ನಿದ್ದೆ ಕೆಡಿಸಿದ್ದು 2003ನೇ ಇಸವಿಯ ಎರಡು ಲೇಖನಗಳು. ಖನಾಫರ್, ವಫಾಯ್, ಲೈಟ್‌ಸ್ಟೋನ್ ಎಂಬ ಮೂವರು ಕಂಪ್ಯೂಟರಿನಲ್ಲಿ ಲೆಕ್ಕ ಮಾಡಿ, ಕಣ ಹೆಚ್ಚಿದಷ್ಟೂ ಸಂವಹನದ ಶಾಖವೂ ಹೆಚ್ಚು ಸಾಗುತ್ತದೆ ಎಂದರು. ಅದೇ ವರ್ಷ ಪುತ್ರ, ರೋಟ್ಜೆಲ್, ಮತ್ತು ಮದರಾಸು ಐಐಟಿಯ ಸರಿತ್ ದಾಸ್ ನಿಜವಾದ ದ್ರವವನ್ನೇ ಅಡ್ಡ ಮಲಗಿಸಿದ ಸಿಲಿಂಡರಿನಲ್ಲಿ ತುಂಬಿ, ಒಂದು ತುದಿ ಕಾಯಿಸಿ ಇನ್ನೊಂದು ತುದಿ ತಣಿಸಿ ಅಳೆದರು. ಬರೀ ನೀರಿಗಿಂತ ಕಡಿಮೆ! ಕಣ ಹೆಚ್ಚಿದಷ್ಟೂ ಇನ್ನೂ ಕಡಿಮೆ.

ನನಗೆ ಅಂಬಲಿ ನೆನಪಾಯಿತು. ಕಣಗಳು ಶಾಖ ಸಾಗಿಸುತ್ತವೆ, ನಿಜ. ಆದರೆ ದ್ರವವನ್ನು ಮಂದ ಮಾಡುತ್ತವೆ. ಕಾದಾಗ ನೀರಿನಷ್ಟು ಹಿಗ್ಗುವುದೂ ಇಲ್ಲ. ಪಂಪಿದ್ದರೆ ಮಂದ ದ್ರವವನ್ನೂ ದಬ್ಬೀತು. ಇಲ್ಲಿ ದಬ್ಬುವುದು ಆ ಹಿಗ್ಗುವಿಕೆಯೊಂದೇ. ಲೆಕ್ಕದವರೇನೂ ಸುಳ್ಳು ಹೇಳಿಲ್ಲ. ಮಂದತನಕ್ಕೆ ಯಾವ ಸೂತ್ರ ಹಾಕುತ್ತೀರೋ ಉತ್ತರ ಅತ್ತ ವಾಲುತ್ತದೆ, ಅಷ್ಟೆ. ಇದು ಬರೀ ಪಂಡಿತರ ಜಗಳವೂ ಅಲ್ಲ. ಬೀದಿ ಮೂಲೆಯ ಟ್ರಾನ್ಸ್‌ಫಾರ್ಮರ್ ನೋಡಿ. ಅದರ ಎಣ್ಣೆ ಪಂಪಿಲ್ಲದೆ ತಾನೇ ಸುತ್ತಿಕೊಂಡು ತಣಿಯಬೇಕು. ಈ ಚೆನ್ನೈಯ ಮೇ ತಿಂಗಳಲ್ಲಿ ಅದು ನಿಧಾನಿಸಿದರೆ ಒಳಗಿನ ಸುರುಳಿಯ ಗತಿಯೇನು?

ನನ್ನ ಗೈಡ್ ಹೇಳಿದ್ದು: "ಕಂಪ್ಯೂಟರಿನಲ್ಲೇ ಮುಗಿಸು. ಹೆಚ್ಚಳ ಬಂದರೆ ಪೇಪರ್ ಆಗುತ್ತೆ, ಇಳಿಕೆ ಯಾರಿಗೆ ಬೇಕು?" ಅವರ ಮಾತಿನಲ್ಲೂ ಹುರುಳಿದೆ, ನನಗೂ ಕೆಲಸ ಬೇಕು, ಮನೆಯಲ್ಲಿ ಕಾಯುತ್ತಿದ್ದಾರೆ. ಆದರೂ ಬೇಕಾದ ಉತ್ತರ ಕೊಡುವ ಸೂತ್ರವನ್ನೇ ಆರಿಸಿಕೊಳ್ಳಲು ಮನಸ್ಸು ಒಪ್ಪುತ್ತಿಲ್ಲ. ವರ್ಕ್‌ಶಾಪಿನಲ್ಲಿ ಅಂಗೈಯಗಲದ ಪೆಟ್ಟಿಗೆಯೊಂದನ್ನು ಮಾಡಿಸುತ್ತಿದ್ದೇನೆ. ಎರಡು ಪಕ್ಕ ತಾಮ್ರದ ತಗಡು, ಉಳಿದದ್ದು ಅಕ್ರಿಲಿಕ್. ಮೊದಲು ಬರೀ ನೀರು ಹಾಕಿ ಅಳೆಯಬೇಕು. ಪುಡಿ ಆಮೇಲೆ.